ಆರ್ಟ್ ಲೈನ್ ಬಿಪಿ ಮೇಲೆ ಡೌಟ್ ಬಂದ್ರೆ ಎಲ್ಲಿಂದ ಶುರು ಮಾಡೋದು

ಐಸಿಯು, ಓಟಿಲಿ ಕೆಲಸ ಮಾಡೋ ಸಿಸ್ಟರ್‌ಗಳಿಗೆ, ಟೆಕ್ನಿಷಿಯನ್‌ಗಳಿಗೆ, ಹೊಸದಾಗಿ ಡ್ಯೂಟಿಗೆ ಸೇರಿರೋ ಡಾಕ್ಟರ್‌ಗಳಿಗೆ ಅಂತ ಇದನ್ನ ಬರೀತಿದೀನಿ. ತೋಳಿಗೆ ಕಫ್ ಕಟ್ಟಿ ನೋಡೋ ಬಿಪಿ ಅಲ್ಲ, ರಕ್ತನಾಳದ ಒಳಗೇ ಕ್ಯಾನುಲಾ (ಸಣ್ಣ ಕೊಳವೆ) ಹಾಕಿ ಬೀಟ್ ಬೀಟ್‌ಗೂ ನೋಡ್ತೀವಲ್ಲ ಆ ಬಿಪಿ, ಅದಕ್ಕೇ ಆರ್ಟ್ ಲೈನ್ (ಆರ್ಟೀರಿಯಲ್ ಲೈನ್) ಅನ್ನೋದು. ಕೊನೇಲಿ ಸೆನ್ಸರೇ ದೇಹದ ಒಳಗೆ ಹೋಗಿ ಕೂರೋ ಎರಡು ಸಾಧನಗಳ ಬಗ್ಗೆನೂ ಹೇಳ್ತೀನಿ, ಯಾಕಂದ್ರೆ ಅಲ್ಲಿ ಕ್ಯಾಲಿಬ್ರೇಶನ್ ಹೋದ್ರೆ ಮತ್ತೆ ಝೀರೋ ಬಟನ್ ಒತ್ತಿ ಸರಿ ಮಾಡೋಣ ಅನ್ನೋಕೆ ಆಗಲ್ಲ.

ನಂಬರ್ ತಪ್ಪಾಗಿ ಬರೋದಕ್ಕೆ ಮುಖ್ಯವಾಗಿ ನಾಲ್ಕು ಕಾರಣ: ಝೀರೋ ತಪ್ಪಿದೆ, ಲೆವೆಲ್ ತಪ್ಪಿದೆ, ಅಲೆ ಕೆಟ್ಟಿದೆ ಅಂದ್ರೆ ಡ್ಯಾಂಪಿಂಗ್ (ಅಲೆಯ ಕುಣಿತ ಅಡಗೋ ಪ್ರಮಾಣ) ಸರಿ ಇಲ್ಲ, ಇಲ್ಲಾಂದ್ರೆ ಟ್ರಾನ್ಸ್‌ಡ್ಯೂಸರ್ (ಒತ್ತಡವನ್ನ ಮಾನಿಟರ್‌ಗೆ ಸಿಗ್ನಲ್ ಮಾಡಿ ಕಳಿಸೋ ಸೆನ್ಸರ್) ಅಥವಾ ಕೇಬಲ್ಲೇ ಹೋಗಿದೆ. ನಾಲ್ಕಕ್ಕೂ ಟೆಸ್ಟ್ ಬೇರೆ, ರಿಪೇರಿ ಬೇರೆ. ಆದ್ರೆ ವಾರ್ಡಲ್ಲಿ ನಡೆಯೋದು ಏನಂದ್ರೆ ಯಾವ ತೊಂದ್ರೆ ಬಂದ್ರೂ ಮೊದಲು ಝೀರೋ ಒತ್ತೋದು, ಸರಿ ಹೋಗಿಲ್ಲ ಅಂದ್ರೆ ಒಂದು ಫ್ಲಶ್ ಕೊಡೋದು (ಲೈನಲ್ಲಿ ಸಲೈನ್ ಜೋರಾಗಿ ಹರಿಸೋದು), ಅದೂ ಆಗ್ಲಿಲ್ಲ ಅಂದ್ರೆ "ಈ ಲೈನ್ ನಂಬೋ ಹಾಗಿಲ್ಲ, ಕಫ್ ನೋಡ್ಕೊಳ್ಳೋಣ" ಅಂತ ಬಿಟ್ಬಿಡೋದು. ಝೀರೋ ಮಾಡಿದ್ರೆ ಟ್ಯೂಬ್ ಒಳಗಿರೋ ಗಾಳಿ ಗುಳ್ಳೆ ಹೋಗಲ್ಲ, ಫ್ಲಶ್ ಕೊಟ್ರೆ ಲೆವೆಲ್ ಸರಿ ಹೋಗಲ್ಲ. ಈ ನಂಬರ್ ನೋಡ್ಕೊಂಡೇ ಬಿಪಿ ಹೆಚ್ಚಿಸೋ ನಾರ್‌ಅಡ್ರಿನಲಿನ್ ಏರಿಸ್ತೀವಿ ಇಳಿಸ್ತೀವಿ, ಹಾಗಾಗಿ ಔಷಧಿ ಪಂಪಿಗೆ ಕೈ ಹಾಕೋ ಮುಂಚೆ ಯಾವ ತಪ್ಪು ಅಂತ ಗೊತ್ತಾಗ್ಲೇಬೇಕು.

ಮೊದಲು ಪೇಷಂಟ್

ಮಾನಿಟರ್‌ನಲ್ಲಿ ಬಿಪಿ ದಿಢೀರ್ ಅಂತ 50ಕ್ಕೆ ಬಿತ್ತು ಅಂದ್ರೆ ಮೊದಲು ಪೇಷಂಟ್ ಮುಟ್ಟಿ ನೋಡಿ. ಪಲ್ಸ್ ಸಿಗ್ತಿದ್ಯಾ, ಕೈ ಕಾಲು ಬೆಚ್ಚಗಿದ್ಯಾ, ಎಚ್ಚರ ಇದ್ದವರು ಮಾತಾಡ್ತಿದಾರಾ, ಈಟಿಸಿಓಟು (ಹೊರಬಿಡೋ ಉಸಿರಲ್ಲಿರೋ ಕಾರ್ಬನ್ ಡೈಆಕ್ಸೈಡ್) ಬಿದ್ದಿದ್ಯಾ, ಸ್ಯಾಚುರೇಷನ್ ಅಲೆ ಹೇಗಿದೆ. ನಿಜವಾಗ್ಲೂ ಬಿಪಿ ಬಿದ್ದಿರೋ ಪೇಷಂಟ್ ಪಕ್ಕ ನಿಂತು ಟ್ಯೂಬಲ್ಲಿ ಗುಳ್ಳೆ ಹುಡುಕ್ತಾ ಕೂರೋದು ಎಲ್ಲಕ್ಕಿಂತ ದೊಡ್ಡ ಅಪಾಯ. ಒಬ್ರು ಪೇಷಂಟ್ ನೋಡ್ಲಿ, ಇನ್ನೊಬ್ರು ಇನ್ನೊಂದು ಕೈಗೆ ಕಫ್ ಕಟ್ಲಿ. ಇನ್ನೊಂದು ಕೈ ಅಂತ ಯಾಕೆ ಹೇಳ್ತೀನಿ ಅಂದ್ರೆ ಆರ್ಟ್ ಲೈನ್ ಇರೋ ಕೈಗೇ ಕಫ್ ಕಟ್ಟಿದ್ರೆ ಕಫ್ ಉಬ್ಬಿದಾಗೆಲ್ಲ ಅಲೆ ಚಪ್ಪಟೆ ಆಗಿ ಅಲಾರಂ ಹೊಡ್ಕೊಳ್ಳತ್ತೆ. "ಸರಿಯಾಗಿ 15 ನಿಮಿಷಕ್ಕೊಂದ್ಸಲ ಟ್ರೇಸ್ ಹೋಗತ್ತೆ, ಆಮೇಲೆ ತಾನೇ ಬರತ್ತೆ" ಅಂತ ಯಾರಾದ್ರೂ ಕಂಪ್ಲೇಂಟ್ ಹೇಳಿದ್ರೆ ಟ್ರಾನ್ಸ್‌ಡ್ಯೂಸರ್ ಬಿಚ್ಚೋಕೆ ಹೋಗ್ಬೇಡಿ, ಕಫ್ ಯಾವ ಕೈಲಿದೆ ಅಂತ ನೋಡಿ ಸಾಕು.

ಪೇಷಂಟ್ ಚೆನ್ನಾಗಿದಾರೆ, ನಂಬರ್ ಮಾತ್ರ ಹೊಂದ್ತಿಲ್ಲ ಅನ್ನೋದು ಖಾತ್ರಿ ಆದ್ಮೇಲೆ ಲೈನ್ ಕಡೆ ಬನ್ನಿ.

ಝೀರೋ ಬೇರೆ, ಲೆವೆಲ್ ಬೇರೆ

ಇವೆರಡನ್ನ ಒಂದೇ ಅಂತ ತಿಳ್ಕೊಂಡಿರೋರು ತುಂಬಾ ಜನ, ಸೀನಿಯರ್‌ಗಳೂ ಇದಾರೆ. ಝೀರೋ ಅಂದ್ರೆ ಸುತ್ತಲಿನ ಗಾಳಿಯ ಒತ್ತಡವನ್ನ ಸೊನ್ನೆ ಅಂತ ತಗೋ ಅಂತ ಮಾನಿಟರ್‌ಗೆ ಹೇಳೋದು. ತ್ರೀ ವೇ ಅನ್ನೋ ಮೂರು ದಾರಿಯ ಸಣ್ಣ ನಲ್ಲಿನ ಪೇಷಂಟ್ ಕಡೆಗೆ ಆಫ್ ಮಾಡಿ, ಕ್ಯಾಪ್ ತೆಗೆದು ಗಾಳಿಗೆ ತೆರೆದು, ಟ್ರೇಸ್ ನೇರ ಗೆರೆ ಆದ್ಮೇಲೆ ಝೀರೋ ಒತ್ತಿ, 0 ಬಂತಾ ನೋಡಿ, ಕ್ಯಾಪ್ ಹಾಕಿ, ತ್ರೀ ವೇ ವಾಪಸ್ ತಿರುಗಿಸೋದು, ಇಷ್ಟೇ. ಝೀರೋ ಮಾಡೋ ಗಳಿಗೇಲಿ ಟ್ರಾನ್ಸ್‌ಡ್ಯೂಸರ್ ಎಷ್ಟು ಎತ್ತರದಲ್ಲಿದೆ ಅನ್ನೋದು ಲೆಕ್ಕಕ್ಕೇ ಬರಲ್ಲ, ಅದರ ಪಕ್ಕದಲ್ಲೇ ಇರೋ ತ್ರೀ ವೇ ಗಾಳಿಗೆ ತೆರೆದಿರ್ಬೇಕು ಅಷ್ಟೇ.

ಲೆವೆಲ್ ಅಂದ್ರೆ ಆ ತ್ರೀ ವೇ, ಅಂದ್ರೆ ಗಾಳಿಗೆ ತೆರೆಯೋ ಆ ಜಾಗ, ಹೃದಯದ ಮಟ್ಟಕ್ಕೆ ಇರ್ಬೇಕು ಅನ್ನೋದು. ನಾಲ್ಕನೇ ಪಕ್ಕೆಲುಬು ಸಂದು, ಎದೆಯ ಮುಂದುಗಡೆಗೂ ಬೆನ್ನಿಗೂ ಮಧ್ಯ, ಅಂದಾಜು ಕಂಕುಳಿನ ನಡು ಗೆರೆ. ಮನೆ ಕಟ್ಟೋ ಮೇಸ್ತ್ರಿ ಪೈಪಿಗೆ ನೀರು ತುಂಬಿ ಎರಡು ಗೋಡೆ ಮಟ್ಟ ನೋಡ್ತಾರಲ್ಲ, ಇಲ್ಲೂ ಅದೇ ನೀರಿನ ನಿಯಮ: ಕ್ಯಾನುಲಾದಿಂದ ಟ್ರಾನ್ಸ್‌ಡ್ಯೂಸರ್ ತನಕ ಇರೋದು ಒಂದೇ ಸಲೈನ್ ಕಂಬ, ಆ ಕಂಬದ ಎತ್ತರ ಬದಲಾದ್ರೆ ಒತ್ತಡ ಬದಲಾಗತ್ತೆ. 13.6 ಸೆಂಟಿಮೀಟರ್ ನೀರು ಅಂದ್ರೆ 10 ಎಂಎಂ ಪಾದರಸ. ಹಾಗಾಗಿ 10 ಸೆಂಟಿಮೀಟರ್ ತಪ್ಪಿದ್ರೆ ಸುಮಾರು 7.4 ಎಂಎಂ ತಪ್ಪು. ಟ್ರಾನ್ಸ್‌ಡ್ಯೂಸರ್ ಹೃದಯಕ್ಕಿಂತ ಮೇಲಿದ್ರೆ ರೀಡಿಂಗ್ ಕಮ್ಮಿ, ಕೆಳಗಿದ್ರೆ ಜಾಸ್ತಿ.

ಒಂದು ಐಸಿಯುನಲ್ಲಿ ನೋಡಿದ್ದು ಹೇಳ್ತೀನಿ. ಟ್ರಾನ್ಸ್‌ಡ್ಯೂಸರ್ ಐವಿ ಸ್ಟ್ಯಾಂಡಿಗೆ ಕ್ಲಾಂಪ್ ಮಾಡಿತ್ತು, ಮ್ಯಾಪ್ (ಸರಾಸರಿ ಬಿಪಿ) 68 ಇತ್ತು. ಪೇಷಂಟ್‌ನ ಮಗ್ಗುಲು ತಿರುಗಿಸೋಕೆ ಸುಲಭ ಆಗ್ಲಿ ಅಂತ ಬೆಡ್‌ನ ಒಂದು ಗೇಣಷ್ಟು ಇಳಿಸಿದ್ರು, ಸ್ಟ್ಯಾಂಡ್ ಇದ್ದ ಕಡೆನೇ ಇತ್ತು. ಬೆಡ್ 20 ಸೆಂಟಿಮೀಟರ್ ಇಳಿದ್ರೆ 15 ಎಂಎಂ ಮಾಯ, ಮಾನಿಟರ್‌ನಲ್ಲಿ ಮ್ಯಾಪ್ 53. ನಾರ್‌ಅಡ್ ಏರಿಸಿದ್ರು, ಮ್ಯಾಪ್ 65ಕ್ಕೆ ಬಂತು, ಎಲ್ರೂ ನಿರಾಳ. ಕೆಲಸ ಮುಗಿಸಿ ಬೆಡ್ ಮೇಲೆತ್ತಿದಾಗ ಅದೇ ಮ್ಯಾಪ್ 80. ಅಂದ್ರೆ ಅಷ್ಟೂ ಹೊತ್ತು ಪೇಷಂಟ್‌ನ ನಿಜವಾದ ಮ್ಯಾಪ್ 80ರ ಹತ್ರಾನೇ ಇತ್ತು, ಬೇಡದೇ ಇದ್ದ ವಾಸೊಪ್ರೆಸರ್ (ಬಿಪಿ ಏರಿಸೋ ಔಷಧಿ) ಹೋಗ್ತಿತ್ತು. ಝೀರೋ ಆಗ ಸರಿಯಾಗೇ ಇತ್ತು, ಗಾಳಿಗೆ ತೆರೆದಿದ್ರೆ 0 ತಾನೇ ತೋರಿಸ್ತಿತ್ತು. ತಪ್ಪಿದ್ದು ಬರೀ ಲೆವೆಲ್. ಅದಕ್ಕೇ ಬೆಡ್ ಎತ್ತಿದ್ರೆ, ಇಳಿಸಿದ್ರೆ, ತಲೆಕಡೆ ಏರಿಸಿದ್ರೆ, ಮಗ್ಗುಲು ಬದಲಿಸಿದ್ರೆ ಮತ್ತೆ ಲೆವೆಲ್ ನೋಡ್ಬೇಕು, ಮತ್ತೆ ಝೀರೋ ಮಾಡೋ ಅಗತ್ಯ ಇಲ್ಲ. ಬೆಡ್ಡಿಗೇ ಅಥವಾ ಪೇಷಂಟ್ ತೋಳಿಗೇ ಟ್ರಾನ್ಸ್‌ಡ್ಯೂಸರ್ ಕಟ್ಟಿದ್ರೆ ಈ ತೊಂದ್ರೆ ಎಷ್ಟೋ ಕಮ್ಮಿ ಆಗತ್ತೆ, ಪೂರ್ತಿ ಹೋಗಲ್ಲ.

ಸಿವಿಪಿ (ಹೃದಯದ ಹತ್ರದ ದೊಡ್ಡ ಅಭಿಧಮನಿಯ ಒತ್ತಡ) ನೋಡೋವಾಗ ಇದು ಇನ್ನೂ ಗಂಭೀರ. ಮ್ಯಾಪ್ 70ರಲ್ಲಿ 7 ತಪ್ಪಿದ್ರೆ ಹತ್ತರಲ್ಲೊಂದು ಪಾಲು ತಪ್ಪು, ಆದ್ರೆ ಸಿವಿಪಿ ಇರೋದೇ 2ರಿಂದ 8, ಅಲ್ಲಿ 7 ತಪ್ಪಿದ್ರೆ ಮಿಕ್ಕಿದ್ದೇನು? ಆರ್ಟ್ ಲೈನ್ ಮತ್ತು ಸಿವಿಪಿ ಎರಡೂ ಒಂದೇ ಪ್ಲೇಟಲ್ಲಿ ಕೂತಿದ್ರೆ ಲೆವೆಲ್ ತಪ್ಪಿದಾಗ ಎರಡೂ ಒಟ್ಟಿಗೆ, ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಸರಿಯತ್ತೆ. ಹಾಗೆ ಕಂಡ್ರೆ ಬೇರೆ ಏನೂ ಹುಡುಕ್ಬೇಡಿ, ಮೊದಲು ಎತ್ತರ ನೋಡಿ.

ಇನ್ನೊಂದು ತಪ್ಪು ತಿಳುವಳಿಕೆ ಇದೆ, "ಪೇಷಂಟ್ ಕೈ ದಿಂಬಿನ ಮೇಲೆ ಎತ್ತಿಟ್ಟಿದೀವಿ ಅದಕ್ಕೇ ಬಿಪಿ ಕಮ್ಮಿ ಬರ್ತಿದೆ" ಅಂತ. ಕಫ್ ಆಗಿದ್ರೆ ನಿಜ, ಆರ್ಟ್ ಲೈನಲ್ಲಿ ಹಾಗಲ್ಲ. ಕೈ ಎತ್ತಿದ್ರೆ ರಕ್ತನಾಳದಲ್ಲಿ ಒತ್ತಡ ಎಷ್ಟು ಕಮ್ಮಿ ಆಗತ್ತೋ, ಕೈಯಿಂದ ಟ್ರಾನ್ಸ್‌ಡ್ಯೂಸರ್ ತನಕ ಇಳಿಯೋ ಸಲೈನ್ ಕಂಬ ಹೆಚ್ಚು ಕಮ್ಮಿ ಅಷ್ಟನ್ನೇ ವಾಪಸ್ ಕೂಡಿಸತ್ತೆ. ಹಾಗಾಗಿ ಕೈ ಎಲ್ಲಿದ್ರೂ ಪರವಾಗಿಲ್ಲ, ಟ್ರಾನ್ಸ್‌ಡ್ಯೂಸರ್ ಎಲ್ಲಿದೆ ಅನ್ನೋದೇ ಮುಖ್ಯ. ಕೈ ಬಾಗಿಸಿದಾಗ ಕ್ಯಾನುಲಾ ಮಡಚಿದ್ರೆ ಅಲೆ ಕೆಡತ್ತೆ, ಅದು ಬೇರೆ ಕಥೆ.

ನ್ಯೂರೋ ಪೇಷಂಟ್‌ಗಳಲ್ಲಿ ಮೆದುಳಿನ ಪರ್ಫ್ಯೂಷನ್ ಒತ್ತಡ ಲೆಕ್ಕ ಹಾಕೋಕೆ ಎಷ್ಟೋ ಕಡೆ ಕಿವಿಯ ಮಟ್ಟಕ್ಕೆ ಲೆವೆಲ್ ಮಾಡ್ತಾರೆ. ನಿಮ್ ಯುನಿಟ್‌ನಲ್ಲಿ ಯಾವ ಮಟ್ಟ ಅಂತ ಚಾರ್ಟಲ್ಲಿ ಬರೆದಿಡಿ, ಶಿಫ್ಟ್ ಬದಲಾದಾಗ ಒಬ್ರು ಕಿವಿಗೆ ಇನ್ನೊಬ್ರು ಎದೆಗೆ ಲೆವೆಲ್ ಮಾಡಿದ್ರೆ ತಲೆ ಏರಿಸಿ ಮಲಗಿಸಿರೋ ಪೇಷಂಟಲ್ಲಿ ದೊಡ್ಡ ವ್ಯತ್ಯಾಸ ಬರತ್ತೆ.

ಝೀರೋ ಆಗ್ತಾನೇ ಇಲ್ಲ ಅಂದ್ರೆ

ತ್ರೀ ವೇ ತಪ್ಪು ಕಡೆ ತಿರುಗಿರೋದು, ಕ್ಯಾಪ್ ತೆಗೆಯೋದೇ ಮರೆತಿರೋದು, ಹತ್ರಲ್ಲಿ ಏಳೆಂಟು ಸಲ ಇದೇ ಇರತ್ತೆ ಅನ್ನೋದು ನನ್ನ ಅನುಭವ. ಟ್ರೇಸಲ್ಲಿ ಇನ್ನೂ ಅಲೆ ಆಡ್ತಿದ್ರೆ ಪೇಷಂಟ್ ಕಡೆ ಆಫ್ ಆಗಿಲ್ಲ ಅಂತ ಅರ್ಥ. ಅದೆಲ್ಲ ಸರಿ ಇದ್ದು ಮತ್ತೂ ಆಗ್ತಿಲ್ಲ ಅಂದ್ರೆ ಕೇಬಲ್ ಮತ್ತು ಟ್ರಾನ್ಸ್‌ಡ್ಯೂಸರ್ ಸೇರೋ ಕನೆಕ್ಟರ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಫ್ಲಶ್ ಮಾಡೋವಾಗ ಸೋರಿದ ಸಲೈನ್ ಅಲ್ಲಿ ಸೇರ್ಕೊಂಡು ಒಣಗಿ ಬಿಳಿ ಉಪ್ಪು ಕಟ್ಟಿರತ್ತೆ, ಪಿನ್ ಹಸಿರಾಗಿರತ್ತೆ. ಅಂಥ ಕೇಬಲ್ ಝೀರೋ ಆದ್ರೂ ಸ್ವಲ್ಪ ಹೊತ್ತಲ್ಲೇ ಜಾರತ್ತೆ.

ಝೀರೋ ಜಾರಿದ್ಯಾ ಅಂತ ನೋಡೋಕೆ ಬಟನ್ ಒತ್ತೋದು ಬೇಡ. ಗಾಳಿಗೆ ತೆರೆದು ಸುಮ್ನೆ ನಂಬರ್ ನೋಡಿ. 0 ಅಥವಾ 1 ಇದ್ರೆ ಸರಿ, 6 ತೋರಿಸ್ತಿದ್ರೆ ಇಷ್ಟೊತ್ತು ನೋಡಿದ ಎಲ್ಲ ರೀಡಿಂಗಲ್ಲೂ ಆ 6 ಸೇರಿರೋ ಸಾಧ್ಯತೆ ಇದೆ, ಅದನ್ನ ಬರ್ಕೊಂಡು ಆಮೇಲೆ ಝೀರೋ ಮಾಡಿ. ಮೊದಲೇ ಒತ್ತಿಬಿಟ್ರೆ ಎಷ್ಟು ಜಾರಿತ್ತು ಅನ್ನೋ ಸಾಕ್ಷಿನೇ ಹೋಗತ್ತೆ. ಅರ್ಧ ಗಂಟೆ ಬಿಟ್ಟು ಮತ್ತೆ ತೆರೆದು ನೋಡಿ, ಮತ್ತೆ ಜಾರಿದ್ರೆ ಕೇಬಲ್ ಇಲ್ಲಾ ಟ್ರಾನ್ಸ್‌ಡ್ಯೂಸರ್ ಬದಲಿಸಿ.

ಅಲೆ ನೋಡೋದು ಕಲಿಯಿರಿ

ನನ್ ಪ್ರಕಾರ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು, ಎಲ್ಲಕ್ಕಿಂತ ಕಮ್ಮಿ ಕಲಿಸೋದೂ ಇದನ್ನೇ. ಝೀರೋ, ಲೆವೆಲ್ ಎರಡೂ ಸರಿ ಇದ್ರೂ ಸಿಸ್ಟೋಲಿಕ್ 30 ಎಂಎಂ ತಪ್ಪಿರಬಹುದು, ಯಾಕಂದ್ರೆ ಟ್ಯೂಬ್ ಒಳಗಿನ ಸಲೈನ್ ತಾನೇ ಅಲುಗಾಡತ್ತೆ, ಅದಕ್ಕೆ ಅದರದ್ದೇ ಒಂದು ಕಂಪನದ ಗತಿ ಇರತ್ತೆ. ಹಾರ್ಟ್ ರೇಟ್ 120 ಅಂದ್ರೆ ಸೆಕೆಂಡಿಗೆ 2 ಬಡಿತ, ಆ ಅಲೆಯ ಆಕಾರ ಸರಿಯಾಗಿ ಮೂಡ್ಬೇಕಾದ್ರೆ ಅದರ ಎಂಟು ಹತ್ತು ಪಟ್ಟು ವೇಗದ ಕಂಪನನೂ ದಾಟ್ಬೇಕು, ಅಂದ್ರೆ ಸಿಸ್ಟಂಗೆ 16ರಿಂದ 20 ಹರ್ಟ್ಜ್ ತಾಕತ್ತು ಬೇಕು.

ನೋಡೋದು ಹೇಗೆ? ಫಾಸ್ಟ್ ಫ್ಲಶ್ ಟೆಸ್ಟ್. ಫ್ಲಶ್ ಬಾಲ ಎಳೆದು ಒಂದು ಸೆಕೆಂಡ್ ಹಿಡಿದು ಪಟ್ ಅಂತ ಬಿಡಿ. ಟ್ರೇಸ್ ಚೌಕಾಕಾರವಾಗಿ ಮೇಲೆ ಹೋಗಿ, ಬಿಟ್ಟಾಗ ಕೆಳಗೆ ಬಂದು, ಒಂದೆರಡು ಸಲ ಕುಣಿದು, ಮತ್ತೆ ಪೇಷಂಟ್ ಅಲೆ ಶುರು ಆಗ್ಬೇಕು. ಕುಣಿತ ಒಂದೆರಡೇ ಇದ್ರೆ ಒಳ್ಳೇದು. ಒಂದೂ ಕುಣಿಯದೆ ನಿಧಾನಕ್ಕೆ ಜಾರಿ ಬಂದು ಕೂತ್ರೆ ಓವರ್‌ಡ್ಯಾಂಪ್, ಮೂರು ನಾಲ್ಕು ಸಲ ಜೋರಾಗಿ ಕುಣಿದ್ರೆ ಅಂಡರ್‌ಡ್ಯಾಂಪ್.

ಪ್ರಿಂಟ್ ತೆಗೆದ್ರೆ ಅಳತೆನೇ ಮಾಡಬಹುದು. ಪೇಪರ್ ಸೆಕೆಂಡಿಗೆ 25 ಎಂಎಂ ಸ್ಪೀಡಲ್ಲಿ ಓಡ್ತಿದೆ ಅಂದ್ಕೊಳ್ಳಿ. ಒಂದು ಕುಣಿತದ ತುದಿಯಿಂದ ಮುಂದಿನ ಕುಣಿತದ ತುದಿಗೆ ಒಂದೂವರೆ ಎಂಎಂ ಇದ್ರೆ 25ನ್ನ 1.5ರಿಂದ ಭಾಗಿಸಿ, ಸುಮಾರು 17 ಹರ್ಟ್ಜ್ ಬಂತು, ಚೆನ್ನಾಗಿದೆ. 3 ಎಂಎಂ ಇದ್ರೆ 8 ಹರ್ಟ್ಜ್, ಆ ಲೈನ್ ಸಿಸ್ಟೋಲಿಕ್ ನಂಬೋದು ಬೇಡ. ಆಮೇಲೆ ಒಂದರ ಹಿಂದೊಂದು ಬರೋ ಎರಡು ಏರಿಳಿತದ ಎತ್ತರ ಅಳೀರಿ, ಮೊದಲನೇದು 20 ಎಂಎಂ, ಅದರ ಮುಂದಿನದು 4 ಎಂಎಂ ಅಂದ್ರೆ ಅನುಪಾತ 0.2, ಡ್ಯಾಂಪಿಂಗ್ ಸುಮಾರು 0.46. ಆರಾಮಾಗಿ ಬಳಸಬಹುದಾದ ಲೈನ್ ಅದು. ರೀಡ್ ಗಾರ್ಡ್‌ನರ್ ಅನ್ನೋರು 1981ರಲ್ಲಿ ಇದನ್ನ ಲೆಕ್ಕ ಸಮೇತ ಬರೆದಿಟ್ಟಿದಾರೆ, ಇವತ್ತಿಗೂ ಅದೇ ಲೆಕ್ಕ ನಡೀತಿದೆ.

ಓವರ್‌ಡ್ಯಾಂಪ್ ಆದ್ರೆ ಸಿಸ್ಟೋಲಿಕ್ ಕಮ್ಮಿ, ಡಯಾಸ್ಟೋಲಿಕ್ ಜಾಸ್ತಿ, ಅಲೆ ಗುಂಡಗೆ, ಡೈಕ್ರೋಟಿಕ್ ನಾಚ್ (ಅಲೆ ಇಳಿಯೋ ದಾರೀಲಿ ಬರೋ ಸಣ್ಣ ತಗ್ಗು) ಕಾಣಲ್ಲ. ಹುಡುಕೋ ದಾರಿ: ಪ್ರೆಶರ್ ಬ್ಯಾಗ್ 300ರಲ್ಲಿ ಇದ್ಯಾ, ಒಳಗೆ ಸಲೈನ್ ಉಳಿದಿದ್ಯಾ (ಬ್ಯಾಗ್ ಸೋರಿ 150ಕ್ಕೆ ಬಂದಿರೋದು ನೈಟ್ ಡ್ಯೂಟಿಲಿ ತುಂಬಾ ಸಾಮಾನ್ಯ, 300 ಇದ್ರೇನೇ ಗಂಟೆಗೆ ಸುಮಾರು 3 ಎಂಎಲ್ ಹರಿದು ಕ್ಯಾನುಲಾ ತೆರೆದಿರೋದು), ಟ್ಯೂಬ್ ಉದ್ದಕ್ಕೂ ಟಾರ್ಚ್ ಬಿಟ್ಟು ಗುಳ್ಳೆ ನೋಡಿ, ಅದರಲ್ಲೂ ತ್ರೀ ವೇ ಮೂಲೆಗಳಲ್ಲಿ ಮತ್ತೆ ಟ್ರಾನ್ಸ್‌ಡ್ಯೂಸರ್ ಗುಮ್ಮಟದಲ್ಲಿ ಕೂತಿರತ್ತೆ, ಜಾಯಿಂಟ್ ಎಲ್ಲಾದ್ರೂ ಸಡಿಲ ಇದ್ಯಾ, ಮಣಿಕಟ್ಟು ಬಾಗಿದ್ಯಾ, ಕ್ಯಾನುಲಾ ತುದೀಲಿ ಕ್ಲಾಟ್ ಇದ್ಯಾ. ಕೊನೇದು ನೋಡೋಕೆ ಮೊದಲು ಸಿರಿಂಜಲ್ಲಿ ಮೆಲ್ಲಗೆ ಹಿಂದಕ್ಕೆ ಎಳೀರಿ, ರಕ್ತ ಸಲೀಸಾಗಿ ಬಂದ್ರೆ ಮಾತ್ರ ಸ್ವಲ್ಪ ಫ್ಲಶ್. ರಕ್ತ ಬರ್ತಿಲ್ಲ ಅಂತ ಸಿರಿಂಜ್ ತುಂಬ ಸಲೈನ್ ತಗೊಂಡು ಒತ್ತಿ ತಳ್ಳೋದನ್ನ ಯಾವತ್ತೂ ಮಾಡ್ಬೇಡಿ, ಕ್ಲಾಟ್ ಬೆರಳಿಗೂ ಹೋಗಬಹುದು, ರೇಡಿಯಲ್‌ನಿಂದ (ಮಣಿಕಟ್ಟಿನ ರಕ್ತನಾಳ) ಜೋರಾಗಿ ತಳ್ಳಿದ್ದು ಹಿಮ್ಮುಖವಾಗಿ ಮೆದುಳಿನ ಕಡೆನೂ ಹೋಗಬಹುದು. ಕೈ ಬಿಳಿಚಿಕೊಂಡಿದೆ, ತಣ್ಣಗಿದೆ ಅಂದ್ರೆ ಲೈನ್ ರಿಪೇರಿ ಬಿಡಿ, ತಕ್ಷಣ ಡಾಕ್ಟರ್‌ಗೆ ತೋರಿಸಿ.

ಅಂಡರ್‌ಡ್ಯಾಂಪ್ ಇದರ ಉಲ್ಟಾ, ಸಿಸ್ಟೋಲಿಕ್ ಸುಳ್ಳು ಸುಳ್ಳೇ ಜಾಸ್ತಿ, ಡಯಾಸ್ಟೋಲಿಕ್ ಕಮ್ಮಿ, ತುದಿ ಚೂಪಾಗಿ ಮುಳ್ಳಿನ ಹಾಗೆ. ಟ್ಯೂಬ್ ಉದ್ದ ಜಾಸ್ತಿ ಆಗಿರೋದು, ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್ ಹಾಕಿರೋದು, ಎರಡು ಮೂರು ತ್ರೀ ವೇ ಸೇರಿಸಿರೋದು ಕಾರಣ. ಸುಮಾರು 120 ಸೆಂಟಿಮೀಟರ್ ದಾಟೋಕೆ ಬಿಡ್ಬೇಡಿ, ಗಟ್ಟಿ ಪ್ರೆಶರ್ ಟ್ಯೂಬ್ ಬಿಟ್ಟು ಮಾಮೂಲಿ ಐವಿ ಎಕ್ಸ್‌ಟೆನ್ಷನ್ ಅಂತೂ ಹಾಕ್ಲೇಬೇಡಿ. ವಯಸ್ಸಾದವರ ಗಟ್ಟಿ ರಕ್ತನಾಳ, ಜೋರು ಹಾರ್ಟ್ ರೇಟ್ ಇದ್ರೆ ಇನ್ನೂ ಹೆಚ್ಚು ಕಾಣತ್ತೆ. ಗುಳ್ಳೆ ಅಂದ್ರೆ ಓವರ್‌ಡ್ಯಾಂಪೇ ಅಂತಾನೂ ಅಲ್ಲ, ಸಣ್ಣ ಗುಳ್ಳೆ ಕಂಪನದ ಗತಿ ಇಳಿಸಿ ಕುಣಿತ ಜಾಸ್ತಿನೂ ಮಾಡಬಹುದು. ಹಾಗಾಗಿ "ಕುಣಿತ ಜಾಸ್ತಿ ಇದೆ, ಒಂದು ಗುಳ್ಳೆ ಬಿಟ್ರೆ ಸರಿ ಹೋಗತ್ತೆ" ಅನ್ನೋ ಹಳೇ ಉಪಾಯ ಕೆಟ್ಟದ್ದು, ಗಾಳಿ ಪೇಷಂಟ್ ಒಳಗೆ ಹೋಗೋ ಅಪಾಯ ಬೇರೆ.

ಎರಡರಲ್ಲೂ ಮ್ಯಾಪ್ ಅಷ್ಟಾಗಿ ಕೆಡಲ್ಲ. ಅದಕ್ಕೇ ಕಫ್ ಜೊತೆ ಹೋಲಿಸೋವಾಗ ಸಿಸ್ಟೋಲಿಕ್‌ಗೆ ಸಿಸ್ಟೋಲಿಕ್ ಹೋಲಿಸಿ ಜಗಳ ಆಡ್ಬೇಡಿ, ಮ್ಯಾಪ್ ಹೋಲಿಸಿ. ರೇಡಿಯಲ್ ಸಿಸ್ಟೋಲಿಕ್ ಅಯೋರ್ಟಾಕ್ಕಿಂತ (ಹೃದಯದಿಂದ ಹೊರಡೋ ಮುಖ್ಯ ರಕ್ತನಾಳ) ಸಹಜವಾಗೇ ಜಾಸ್ತಿ ಇರತ್ತೆ, ಅದು ದೋಷ ಅಲ್ಲ. ಆದ್ರೆ ಬೈಪಾಸ್ ಮೆಷಿನ್‌ನಿಂದ ಆಗಷ್ಟೇ ಹೊರಗೆ ಬಂದವರಲ್ಲಿ, ವಾಸೊಪ್ರೆಸರ್ ಜೋರಾಗಿ ಓಡ್ತಿರೋ ಶಾಕ್‌ನಲ್ಲಿ, ರೇಡಿಯಲ್ ನಿಜವಾಗ್ಲೂ ಫೆಮೊರಲ್‌ಗಿಂತ (ತೊಡೆಯ ರಕ್ತನಾಳ) ಕಮ್ಮಿ ತೋರಿಸಬಹುದು. ಲೈನ್ ಪೂರ್ತಿ ಸರಿ ಇದ್ದೂ ನಂಬರ್ ಪೇಷಂಟ್‌ಗೆ ಹೊಂದ್ತಿಲ್ಲ ಅಂದ್ರೆ ಇದನ್ನ ನೆನೆಸ್ಕೊಳ್ಳಿ, ಫೆಮೊರಲ್ ಹಾಕಿ ನೋಡೋ ಬಗ್ಗೆ ಡಾಕ್ಟರ್ ಹತ್ರ ಕೇಳಿ.

ಟ್ರಾನ್ಸ್‌ಡ್ಯೂಸರ್ ಅಳತೆನೇ ತಪ್ಪಿದ್ರೆ

ಈಗಿನ ಡಿಸ್ಪೋಸಬಲ್ ಟ್ರಾನ್ಸ್‌ಡ್ಯೂಸರ್‌ಗಳನ್ನ ಫ್ಯಾಕ್ಟರೀಲೇ ಕ್ಯಾಲಿಬ್ರೇಟ್ ಮಾಡಿ ಕಳಿಸ್ತಾರೆ, ಒಂದು ವೋಲ್ಟ್‌ಗೆ ಒಂದು ಎಂಎಂಗೆ 5 ಮೈಕ್ರೋವೋಲ್ಟ್, ಎಲ್ಲ ಕಂಪನಿದೂ ಇದೇ ಸ್ಟ್ಯಾಂಡರ್ಡ್. 5 ವೋಲ್ಟ್ ಕೊಟ್ರೆ 100 ಎಂಎಂಗೆ 2.5 ಮಿಲಿವೋಲ್ಟ್. ಹಾಗಾಗಿ ಗೇನ್ (ಒತ್ತಡಕ್ಕೆ ತಕ್ಕ ಹಾಗೆ ಸಿಗ್ನಲ್ ಬರೋ ಅನುಪಾತ) ತಪ್ಪೋದು ಅಪರೂಪ, ಆದ್ರೆ ಆಗಲ್ಲ ಅಂತಲ್ಲ. ಝೀರೋ ಸರಿ, ಲೆವೆಲ್ ಸರಿ, ಚೌಕ ಸರಿ, ಆದ್ರೂ ಮ್ಯಾಪ್ ಕಫ್‌ಗಿಂತ ಯಾವಾಗ್ಲೂ ಒಂದೇ ಪ್ರಮಾಣದಲ್ಲಿ ಕಮ್ಮಿ ಅಂದ್ರೆ ಇದನ್ನ ನೋಡ್ಬೇಕು.

ಬೆಡ್ ಪಕ್ಕದಲ್ಲೇ ಮಾಡೋ ನೀರಿನ ಕಂಬದ ಟೆಸ್ಟ್ ನನಗೆ ತುಂಬಾ ಇಷ್ಟ. ಪೇಷಂಟ್ ಕಡೆ ತ್ರೀ ವೇ ಆಫ್ ಇರ್ಲಿ, ಅದು ಕಡ್ಡಾಯ. ಝೀರೋ ಮಾಡಿದ ತ್ರೀ ವೇಗೆ ಸಲೈನ್ ತುಂಬಿದ ಸ್ಟೆರೈಲ್ ಎಕ್ಸ್‌ಟೆನ್ಷನ್ ಸೇರಿಸಿ, ಅದರ ತೆರೆದ ತುದೀನ ತ್ರೀ ವೇ ಇಂದ ಸರಿಯಾಗಿ 27 ಸೆಂಟಿಮೀಟರ್ ಮೇಲೆ ಹಿಡೀರಿ, ಸ್ಕೇಲ್ ಇಟ್ಕೊಂಡೇ ಅಳೀರಿ. ಮಾನಿಟರ್ 20 ತೋರಿಸ್ಬೇಕು. 68 ಸೆಂಟಿಮೀಟರ್‌ಗೆ 50. ಒಂದು ಆಚೀಚೆ ಪರವಾಗಿಲ್ಲ. 20ರ ಬದಲು 16 ಬಂದು, 50ರ ಬದಲು 40 ಬಂದ್ರೆ ಗೇನ್ ಹೋಗಿದೆ. ಎರಡು ಕಡೆನೂ ಒಂದೇ 4 ಕಮ್ಮಿ ಇದ್ರೆ ಅದು ಗೇನ್ ಅಲ್ಲ, ಝೀರೋ. ಒಂದೇ ಎತ್ತರಕ್ಕೆ ನೋಡಿ ಬಿಟ್ರೆ ಈ ವ್ಯತ್ಯಾಸ ಗೊತ್ತಾಗಲ್ಲ.

ಆಮೇಲೆ ಬಯೋಮೆಡಿಕಲ್‌ನವರು ಬಂದು ಕೇಬಲ್‌ಗೆ ಸಿಮ್ಯುಲೇಟರ್ ಹಾಕಿ 100, 200 ಕೊಟ್ಟು ನೋಡ್ತಾರೆ. ಸಿಮ್ಯುಲೇಟರ್ ಜೊತೆ ಸರಿ ಬಂದ್ರೆ ಟ್ರಾನ್ಸ್‌ಡ್ಯೂಸರ್ ಎಸೀರಿ, ಅಲ್ಲೂ ತಪ್ಪು ಬಂದ್ರೆ ಕೇಬಲ್ ಅಥವಾ ಮಾಡ್ಯೂಲ್. ಕರೆಯೋವಾಗ ಬರೀ "ಬಿಪಿ ಸರಿ ಬರ್ತಿಲ್ಲ" ಅಂತ ಹೇಳ್ಬೇಡಿ. ಗಾಳಿಗೆ ತೆರೆದಾಗ ಎಷ್ಟು ಬಂತು, ಎರಡು ಎತ್ತರಕ್ಕೆ ಎಷ್ಟು ಬಂತು, ಫ್ಲಶ್ ಟೆಸ್ಟ್ ಪ್ರಿಂಟ್, ಈ ಮೂರು ಕೊಟ್ರೆ ಅವರ ಕೆಲಸ ಅರ್ಧ ಮುಗಿದ ಹಾಗೆ.

ಸೆನ್ಸರ್ ಒಳಗೇ ಇದ್ದಾಗ

ಕ್ಯಾಥ್ ಲ್ಯಾಬಲ್ಲಿ ಎಫ್‌ಎಫ್‌ಆರ್ (ಹೃದಯದ ಕೊರೊನರಿ ರಕ್ತನಾಳದಲ್ಲಿ ಬ್ಲಾಕ್ ಆಚೆಗಿನ ಒತ್ತಡಕ್ಕೂ ಅಯೋರ್ಟಾದ ಒತ್ತಡಕ್ಕೂ ಇರೋ ಅನುಪಾತ) ನೋಡೋ ಪ್ರೆಶರ್ ವೈರ್‌ನಲ್ಲಿ ಸೆನ್ಸರ್ ಇರೋದು ವೈರ್ ತುದಿ ಹತ್ರ, ಅದು ಕೊರೊನರಿ ಒಳಗೇ ಹೋಗತ್ತೆ. ಝೀರೋ ಮಾಡೋದು ಹೊರಗಿದ್ದಾಗ. ಒಳಗೆ ಹೋದ್ಮೇಲೆ ಇರೋದು ಈಕ್ವಲೈಸೇಶನ್ ಒಂದೇ: ಸೆನ್ಸರ್‌ನ ಗೈಡ್ ಕ್ಯಾಥೆಟರ್ ತುದಿಗೆ ತಂದು ಎರಡೂ ಒತ್ತಡ ಸಮ ಅಂತ ಹೊಂದಿಸೋದು. ಆಗ ಇಂಟ್ರಡ್ಯೂಸರ್ ಸೂಜಿ ತೆಗೆದಿರ್ಬೇಕು, ವಾಲ್ವ್ ಬಿಗಿ ಇರ್ಬೇಕು, ಇಲ್ಲಾಂದ್ರೆ ಅಲ್ಲಿ ಸೋರಿ ಅಯೋರ್ಟಿಕ್ ಒತ್ತಡ ಕಮ್ಮಿ ಬಂದು ಆ ತಪ್ಪಿಗೇ ವೈರ್‌ನೂ ಹೊಂದಿಸಿಬಿಡ್ತೀರ. ಇಲ್ಲಿ ಅಯೋರ್ಟಿಕ್ ಕಡೆ ಇರೋದು ಮತ್ತೆ ಅದೇ ಹೊರಗಿನ ಟ್ರಾನ್ಸ್‌ಡ್ಯೂಸರ್, ಹಾಗಾಗಿ ಮೇಲೆ ಹೇಳಿದ ಲೆವೆಲ್, ಗುಳ್ಳೆ ಎಲ್ಲ ಇಲ್ಲಿಗೂ ಅನ್ವಯ. ಮುಗಿದ್ಮೇಲೆ ವೈರ್‌ನ ಗೈಡ್ ತುದಿಗೆ ಎಳೆದು ಮತ್ತೆ ನೋಡ್ಲೇಬೇಕು. ಅನುಪಾತ 1.00 ಬರ್ಬೇಕು, 0.97ರಿಂದ 1.03 ಆಚೆ ಹೋಗಿದ್ರೆ ಸೆನ್ಸರ್ ಜಾರಿದೆ, ಮತ್ತೆ ಹೊಂದಿಸಿ ಅಳತೆ ಪುನಃ ಮಾಡ್ಬೇಕು. 0.80 ಅನ್ನೋ ಗೆರೆ ಮೇಲೆ ಸ್ಟೆಂಟ್ ಬೇಕೋ ಬೇಡ್ವೋ ಅಂತ ತೀರ್ಮಾನ ಆಗೋವಾಗ, 0.78 ಬಂದಿದ್ದು ನಿಜಾನಾ ಜಾರಿದ್ದಾ ಅಂತ ಈ ಒಂದು ಪುಲ್‌ಬ್ಯಾಕ್ ಬಿಟ್ರೆ ಹೇಳೋಕೆ ದಾರಿ ಇಲ್ಲ. ಲ್ಯಾಬ್ ಬಿಝಿ ಇದೆ ಅಂತ ಇದನ್ನ ಬಿಡೋದು ಪೇಷಂಟ್‌ಗೆ ಮಾಡೋ ಅನ್ಯಾಯ.

ಇನ್ನೊಂದು ಶಾಶ್ವತವಾಗಿ ಒಳಗೇ ಇರೋದು, ಹಾರ್ಟ್ ಫೇಲ್ಯೂರ್ ಪೇಷಂಟ್‌ಗಳ ಪಲ್ಮನರಿ ಆರ್ಟರಿಯಲ್ಲಿ ಕೂರಿಸೋ ಕಾರ್ಡಿಯೋಮೆಮ್ಸ್. ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ಬ್ಯಾಟರಿ ಇಲ್ಲ, ಒತ್ತಡಕ್ಕೆ ತಕ್ಕ ಹಾಗೆ ಅದರ ಅನುರಣನದ ಫ್ರೀಕ್ವೆನ್ಸಿ ಬದಲಾಗತ್ತೆ, ಪೇಷಂಟ್ ಮನೇಲಿ ದಿಂಬಿನಂಥ ಸಾಧನದ ಮೇಲೆ ಮಲಗಿದಾಗ ಅದು ಹೊರಗಿಂದ ಓದತ್ತೆ. ಇದನ್ನ ಕ್ಯಾಲಿಬ್ರೇಟ್ ಮಾಡೋದು ಕೂರಿಸೋ ದಿನ, ರೈಟ್ ಹಾರ್ಟ್ ಕ್ಯಾಥೆಟರ್ ಒತ್ತಡದ ಜೊತೆ ಹೋಲಿಸಿ. ಅಂದ್ರೆ ಆ ದಿನ ಕ್ಯಾಥೆಟರ್ ಲೆವೆಲ್ 10 ಸೆಂಟಿಮೀಟರ್ ತಪ್ಪಿದ್ರೆ, ಆ 7 ಎಂಎಂ ತಪ್ಪು ಸೆನ್ಸರ್ ಜೊತೆ ಮನೆಗೆ ಹೋಗತ್ತೆ, ದಿನಾ ಬೆಳಿಗ್ಗೆ ಬರೋ ಪ್ರತಿ ರೀಡಿಂಗಲ್ಲೂ ಇರತ್ತೆ, ಮಾತ್ರೆ ಡೋಸ್ ಅದನ್ನೇ ನೋಡಿ ಬದಲಾಗತ್ತೆ.

ಒಳಗೆ ಮುಚ್ಚಿರೋ ಸೆನ್ಸರ್‌ಗೆ ಹೊರಗಿನ ಗಾಳಿಯ ಒತ್ತಡ ಗೊತ್ತಾಗಲ್ಲ, ಅದನ್ನ ಹೊರಗಿನ ಸಾಧನದಲ್ಲಿರೋ ಬ್ಯಾರೋಮೀಟರ್ ಕಳೀತದೆ. ಇದು ಎಷ್ಟು ದೊಡ್ಡ ವಿಷಯ ಅಂದ್ರೆ ಮಂಗಳೂರಲ್ಲಿ ಗಾಳಿಯ ಒತ್ತಡ ಸುಮಾರು 760 ಎಂಎಂ, ಬೆಂಗಳೂರು 900 ಮೀಟರ್ ಮೇಲಿರೋದ್ರಿಂದ ಸುಮಾರು 680, ಘಾಟಿ ಹತ್ತಿದ್ರೆ 80 ಎಂಎಂ ವ್ಯತ್ಯಾಸ, ಅಳೀತಿರೋ ಪಲ್ಮನರಿ ಒತ್ತಡ ಮಾತ್ರ ಇಪ್ಪತ್ತು ಮೂವತ್ತು. ಅಂಥ ಸೆನ್ಸರ್ ಇರೋರ ರೀಡಿಂಗ್ ಒಮ್ಮೆಲೇ ಮೆಟ್ಟಿಲಿನ ಹಾಗೆ ಹಾರಿ ಅಲ್ಲೇ ನಿಂತ್ರೆ, ತೂಕ, ಉಬ್ಬಸ, ಕಾಲು ಊತ ಏನೂ ಬದಲಾಗಿಲ್ಲ ಅಂದ್ರೆ, ಮೊದಲು ಕೇಳ್ಬೇಕಾದ್ದು ಅವರು ಹೇಗೆ ಮಲಗಿ ಓದಿಸಿದ್ರು, ದಿಂಬಿನ ಸಾಧನ ಬದಲಾಯಿಸಿದ್ರಾ ಅಂತ. ನಿಧಾನವಾಗಿ ವಾರಗಟ್ಟಲೆ ಏರಿದ್ರೆ ಅದು ರೋಗವೋ ಸೆನ್ಸರ್ ಜಾರೋದೋ ಅಂತ ಟ್ರೇಸ್ ನೋಡಿ ಹೇಳೋಕೆ ಆಗಲ್ಲ. ಎಕೋ ಮಾಡಿಸಿ, ಅದರಲ್ಲೂ ಹೊಂದಿಲ್ಲ ಅಂದ್ರೆ ಮತ್ತೆ ರೈಟ್ ಹಾರ್ಟ್ ಕ್ಯಾಥ್ ಮಾಡಿ ಹೊಸ ಬೇಸ್‌ಲೈನ್ ಹಾಕ್ಬೇಕು, ಆ ದಿನ ಹೊರಗಿನ ಟ್ರಾನ್ಸ್‌ಡ್ಯೂಸರ್ ಝೀರೋ, ಲೆವೆಲ್, ಫ್ಲಶ್ ಟೆಸ್ಟ್ ಮೂರೂ ಸರಿ ಇದ್ದಿದ್ದಕ್ಕೆ ಪ್ರಿಂಟ್ ತೆಗೆದು ಫೈಲಲ್ಲಿ ಹಾಕಿಡಿ.